ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್, ಬಾವಿಯಲ್ಲಿ ಎಷ್ಟು ನೀರು?

ಬೆಳಗ್ಗೆ ಎಂಟಕ್ಕೆ ಮೊದಲು ವಾಮದಪದವು ಪೇಟೆಯಲ್ಲಿ ಒಂದು ಹತ್ತು ನಿಮಿಷ ನಿಂತು ನೋಡಿ. ಹಳದಿ ಬಸ್ಸುಗಳು, ವ್ಯಾನುಗಳು ಒಂದರ ಹಿಂದೆ ಒಂದು ಬಂದು ಮಕ್ಕಳನ್ನು ತುಂಬಿಸಿಕೊಂಡು ಹೋಗುತ್ತವೆ. ಕೆಲವು ಬಂಟ್ವಾಳ ಕಡೆಗೆ, ಕೆಲವು ಬೆಳ್ತಂಗಡಿ ಕಡೆಗೆ, ಕೆಲವು ಮೂಡುಬಿದಿರೆ ಕಡೆಗೆ. ಅದೇ ಹೊತ್ತಿಗೆ ಸರ್ಕಾರಿ ಶಾಲೆಯ ಮಕ್ಕಳು ನಾಲ್ಕೈದು ಜನ ಗುಂಪು ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಡೆದುಕೊಂಡು ಹೋಗ್ತಾ ಇರ್ತಾರೆ.

ನಮ್ಮ ಕನ್ನಡ ಸಂಘದಲ್ಲಿ ಈ ಕಡೆಯವರು ಕೆಲವರಿದ್ದೇವೆ. ಕಳೆದ ರಜೆಯಲ್ಲಿ ಅವರಲ್ಲೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆವು. ಮೊಮ್ಮಗಳನ್ನು ಯಾವ ಶಾಲೆಗೆ ಸೇರಿಸುವುದು ಅಂತ ಮನೆಯಲ್ಲಿ ಚರ್ಚೆ ನಡೀತಾ ಇತ್ತು. ಅವನ ಅಜ್ಜಿ ನಮ್ಮ ಕಡೆ ತಿರುಗಿ ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ: “ನೀವೆಲ್ಲ ಇಂಜಿನಿಯರಿಂಗ್ ಓದುವವರು ಅಲ್ವಾ ಮಕ್ಳೇ, ಈ ಇಂಟರ್‌ನ್ಯಾಷನಲ್ ಶಾಲೆ ಅಂದ್ರೆ ಅಲ್ಲಿ ಬೇರೆ ಎಂತ ಕಲಿಸ್ತಾರೆ?”

ಒಬ್ಬ “ಇಂಗ್ಲಿಷ್ ಅಜ್ಜಿ” ಅಂದ. ಇನ್ನೊಬ್ಬ “ಸ್ವಿಮ್ಮಿಂಗ್ ಪೂಲ್” ಅಂದ. ಅಜ್ಜಿ ನಕ್ಕು, “ನಮ್ಮ ಬಾವಿಯಲ್ಲೇ ಏಪ್ರಿಲಿಗೆ ನೀರಿಲ್ಲ, ಅವರಿಗೆ ಈಜಲಿಕ್ಕೆ ಉಂಟಾ?” ಅಂತ ಹೇಳಿ ಒಳಗೆ ಹೋದರು. ನಮಗೆ ಮಾತ್ರ ಆ ಪ್ರಶ್ನೆ ಹಾಗೇ ಉಳಿಯಿತು. ಈ ಲೇಖನ ಅದಕ್ಕೆ ನಾವು ಹುಡುಕಿದ ಉತ್ತರ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’ ಅಂತ ಇದ್ದರೂ ಒಳಗೆ ಸಿಬಿಎಸ್‌ಇ ಅಥವಾ ರಾಜ್ಯದ ಸಿಲೆಬಸ್ಸೇ ನಡೆಯುವ ಶಾಲೆಗಳು ಬೇಕಾದಷ್ಟಿವೆ. ಅದು ತಪ್ಪು ಅಂತ ಅಲ್ಲ, ಆದರೆ ಹೆಸರು ಬೇರೆ, ಪಠ್ಯಕ್ರಮ ಬೇರೆ. ನಿಜವಾಗಿ ಆ ಹೆಸರಿಗೆ ತಕ್ಕ ಪಠ್ಯಕ್ರಮ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಚಿಕ್ಕದಾಗಿ ಐಬಿ. 1968ರಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಶುರುವಾದದ್ದು. ಈಗ 150ಕ್ಕೂ ಹೆಚ್ಚು ದೇಶಗಳಲ್ಲಿದೆ. ಕರ್ನಾಟಕದ ಐಬಿ ಶಾಲೆಗಳಲ್ಲಿ ಬಹುತೇಕ ಬೆಂಗಳೂರು ಮತ್ತು ಅದರ ಸುತ್ತಮುತ್ತಲೇ ಇವೆ. ಫೀಸು ವರ್ಷಕ್ಕೆ ಲಕ್ಷಗಳ ಲೆಕ್ಕ. ವಾಮದಪದವಿನ ಅಡಿಕೆ ತೋಟದ ಮನೆಗಳಿಗೆ, ಬೀಡಿ ಕಟ್ಟುವ ಮನೆಗಳಿಗೆ ಅದು ಆಗಿ ಹೋಗುವ ಮಾತಲ್ಲ.

ಆದರೆ ಅಲ್ಲಿ ಏನು ಮಾಡಿಸ್ತಾರೆ ಅಂತ ನೋಡಿದರೆ ಕುತೂಹಲದ ಸಂಗತಿ ಸಿಗುತ್ತದೆ. ನಮ್ಮ ಪಿಯುಸಿಗೆ ಸಮನಾದ ಅವರ ಡಿಪ್ಲೊಮಾ ಹಂತದಲ್ಲಿ, ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಆರಿಸಿಕೊಂಡು 4000 ಪದಗಳವರೆಗಿನ ಪ್ರಬಂಧ ಬರೆಯಬೇಕು. ಎರಡು ಭಾಷೆ ಕಲಿಯಲೇಬೇಕು. ಶಾಲೆಯಲ್ಲಿ ಮಾತೃಭಾಷೆಗೆ ಟೀಚರ್ ಇಲ್ಲದಿದ್ದರೆ ಆ ಭಾಷೆಯ ಸಾಹಿತ್ಯವನ್ನು ತಾನೇ ಓದಿ ಪರೀಕ್ಷೆ ಬರೆಯುವ ದಾರಿಯೂ ಉಂಟು. ಜೊತೆಗೆ ‘ಕ್ಯಾಸ್’ ಅಂತ ಒಂದು. ಸೃಜನಶೀಲತೆ, ಚಟುವಟಿಕೆ, ಸೇವೆ ಈ ಮೂರೂ ಸೇರಿದ್ದು. ಅದಕ್ಕೆ ಮಾರ್ಕ್ಸ್ ಇಲ್ಲ. ಆದರೆ ಅದನ್ನು ಮುಗಿಸದೆ ಡಿಪ್ಲೊಮಾ ಕೊಡುವುದಿಲ್ಲ. ಒಂದೂವರೆ ವರ್ಷ ನಡೆಯುವ ಕೆಲಸ ಇದು. ಊರಿನವರಿಗೆ ಏನು ಬೇಕು ಅಂತ ಮೊದಲು ಹೋಗಿ ತಿಳಿದುಕೊಳ್ಳಬೇಕು, ಆಮೇಲೆ ತಯಾರಿ, ಆಮೇಲೆ ಕೆಲಸ, ಆಮೇಲೆ ಎಲ್ಲಿ ಸರಿಯಾಯಿತು ಎಲ್ಲಿ ಎಡವಿದೆ ಅಂತ ಬರೆಯಬೇಕು, ಕೊನೆಗೆ ಬೇರೆಯವರ ಮುಂದೆ ಇಡಬೇಕು.

ಇಲ್ಲಿ ನಾವು ಸ್ವಲ್ಪ ತಲೆ ತಗ್ಗಿಸಬೇಕು. ವಿಟಿಯು ಮೂರನೇ ಸೆಮಿಸ್ಟರಿನಲ್ಲಿ ನಮಗೂ ‘ಸೋಶಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಇತ್ತಲ್ಲ? ಗಿಡ ನೆಡುವುದು, ಹೆರಿಟೇಜ್ ವಾಕ್, ಸಾವಯವ ಕೃಷಿ, ನೀರಿನ ಸಂರಕ್ಷಣೆ, ಫುಡ್ ವಾಕ್. ಕಾಗದದ ಮೇಲೆ ನೋಡಿದರೆ ಕ್ಯಾಸ್‌ನ ತಮ್ಮನೇ. ನಾವು ಮಾಡಿದ್ದು ಏನು? ಒಂದು ಮಧ್ಯಾಹ್ನ ಒಂದೇ ಗಿಡವನ್ನು ನಾಲ್ಕು ಗ್ರೂಪಿನವರು ಹಿಡಿದುಕೊಂಡು ಫೋಟೋ ತೆಗೆದೆವು. ರಿಪೋರ್ಟಿನ ಅರ್ಧ ಸೀನಿಯರ್ಸ್ ಕೊಟ್ಟದ್ದು. ಆ ಗಿಡ ಈಗ ಬದುಕಿದೆಯಾ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಐಸಿಟಿಇಯ ನೂರು ಆ್ಯಕ್ಟಿವಿಟಿ ಪಾಯಿಂಟ್ಸ್ ಕಥೆ ಹೇಳುವುದೇ ಬೇಡ. ಸಿಲೆಬಸ್ಸಿನಲ್ಲಿ ಕೊರತೆ ಇರಲಿಲ್ಲ. ‘ಮೊದಲು ಹೋಗಿ ಕೇಳು’ ಎಂಬ ಮೊದಲನೇ ಮೆಟ್ಟಿಲನ್ನೇ ನಾವು ಹಾರಿದ್ದೆವು.

ಆ ಮೆಟ್ಟಿಲು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಥೆ ಇದೆ. ಇಂಜಿನಿಯರಿಂಗ್ ಓದುವವರು ಗೊತ್ತಿರಲೇಬೇಕಾದದ್ದು.

1962ರಲ್ಲಿ ಬ್ರಿಟನ್ನಿನ ವೇಲ್ಸ್ ಕರಾವಳಿಯಲ್ಲಿ, ಸೇಂಟ್ ಡೊನಾಟ್ಸ್ ಎಂಬ ಹಳೇ ಕೋಟೆಯೊಳಗೆ, ಅಟ್ಲಾಂಟಿಕ್ ಕಾಲೇಜು ಅಂತ ಒಂದು ಶಾಲೆ ಶುರುವಾಯಿತು. ಕರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಣತಜ್ಞರ ಕಲ್ಪನೆ ಅದು. ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಒಬ್ಬರಿಗೊಬ್ಬರು ಬಾಂಬು ಹಾಕಿಕೊಂಡ ದೇಶಗಳ ಹದಿಹರೆಯದ ಮಕ್ಕಳು ಒಂದೇ ಕಡೆ ಓದಬೇಕು, ಒಂದೇ ಕಡೆ ಕೆಲಸ ಮಾಡಬೇಕು ಎಂಬುದು ಉದ್ದೇಶ. ಮುಂದೆ ಐಬಿಯನ್ನು ಮೊದಲು ಅಳವಡಿಸಿಕೊಂಡ ಶಾಲೆಗಳಲ್ಲಿ ಇದೂ ಒಂದು.

ಅವರ ಅಂಗಳದ ಮುಂದೆ ಇದ್ದದ್ದು ಬ್ರಿಸ್ಟಲ್ ಕೊಲ್ಲಿ. ಜಗತ್ತಿನಲ್ಲೇ ಅತಿ ಹೆಚ್ಚು ಉಬ್ಬರವಿಳಿತ ಇರುವ ಸಮುದ್ರ ಭಾಗಗಳಲ್ಲಿ ಒಂದು. ಅಲ್ಲಿ ಮುಳುಗುವವರನ್ನು ಕಾಪಾಡುವ ಕೆಲಸವನ್ನೇ ಶಾಲೆ ತನ್ನ ಸೇವೆಯಾಗಿ ತೆಗೆದುಕೊಂಡಿತು. ವಿದ್ಯಾರ್ಥಿಗಳೇ ಬೋಟಿನ ಸಿಬ್ಬಂದಿ. ತೊಂದರೆ ಶುರುವಾದದ್ದು ಬೋಟಿನಲ್ಲಿ. ಗಾಳಿ ತುಂಬಿದ ರಬ್ಬರ್ ಬೋಟುಗಳ ತಳ ಬಟ್ಟೆಯದ್ದು. ಕಲ್ಲಿನ ದಡದಿಂದ ದಿನಾ ನೀರಿಗೆ ಇಳಿಸಿ ಎಳೆದರೆ ತಳ ಸವೆದು ಹರಿಯುತ್ತದೆ, ಅಲೆಯಲ್ಲಿ ವೇಗವಾಗಿ ಹೋಗಲೂ ಆಗುವುದಿಲ್ಲ. ಪೂರ್ತಿ ಮರದ ಬೋಟಾದರೆ ಗಟ್ಟಿ, ಆದರೆ ಭಾರ. ಪ್ರಾಂಶುಪಾಲರು ನೌಕಾಪಡೆಯ ನಿವೃತ್ತ ರಿಯರ್ ಅಡ್ಮಿರಲ್ ಡೆಸ್ಮಂಡ್ ಹೋರ್. ಅವರೂ ವಿದ್ಯಾರ್ಥಿಗಳೂ ಶಾಲೆಯ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಒಂದರ ಮೇಲೊಂದು ಮಾದರಿ ಕಟ್ಟಿ, ಒಡೆದು, ಪುನಃ ಕಟ್ಟಿದರು. ಗಾಳಿ ಕೊಳವೆಯ ಕೆಳಗೆ ಪ್ಲೈವುಡ್ಡಿನ ಗಟ್ಟಿ ತಳ ಕೂರಿಸುವುದು ಅವರು ಕಂಡುಕೊಂಡ ದಾರಿ.

ಇವತ್ತು ಕೋಸ್ಟ್ ಗಾರ್ಡ್‌ನವರು ಓಡಿಸುವ, ‘ರಿಬ್’ ಅಂತ ಕರೆಯುವ ಬೋಟುಗಳ ಮೂಲ ಅದೇ. ಹೋರ್ ಪೇಟೆಂಟ್ ಪಡೆದು, ಅದನ್ನು ಬ್ರಿಟನ್ನಿನ ಜೀವರಕ್ಷಕ ಬೋಟುಗಳ ಸಂಸ್ಥೆಗೆ ಒಂದೇ ಒಂದು ಪೌಂಡಿಗೆ ಕೊಟ್ಟರು. 1972ರಲ್ಲಿ ಸೇವೆಗೆ ಬಂದ ಆ ಸಂಸ್ಥೆಯ ಬೋಟಿಗೆ ಶಾಲೆಯ ನೆನಪಿಗೆ ‘ಅಟ್ಲಾಂಟಿಕ್ 21’ ಅಂತಲೇ ಹೆಸರು. 21 ಅಂದರೆ ಉದ್ದ 21 ಅಡಿ.

ಈ ಕಥೆಯಲ್ಲಿ ನಮಗೆ ಮುಖ್ಯ ಅನಿಸಿದ್ದು ಪೇಟೆಂಟ್ ಅಲ್ಲ. ಜಗತ್ತಿನ ನಾನಾ ಕಡೆಯಿಂದ ಬಂದ ಹುಡುಗರು ಬಗೆಹರಿಸಿದ ಸಮಸ್ಯೆ ಆ ಒಂದು ದಡದ್ದು. ಅಲ್ಲಿನ ಕಲ್ಲು, ಅಲ್ಲಿನ ಅಲೆ. ಊರಿಗೆ ರಕ್ಷಣಾ ಬೋಟು ಸಿಕ್ಕಿತು, ಹುಡುಗರಿಗೆ ಯಾವ ಪುಸ್ತಕದಲ್ಲೂ ಸಿಗದ ಇಂಜಿನಿಯರಿಂಗ್ ಸಿಕ್ಕಿತು. ಅಜ್ಜಿ ಕೇಳಿದ ‘ಬೇರೆ ಎಂತ’ ಇದೇ ಇರಬೇಕು.

ವೇಲ್ಸ್ ದೂರ ಆಯಿತು ಅಂತೀರಾ? ಮೂಡುಬಿದಿರೆಗೆ ಬನ್ನಿ. 2022ರ ಡಿಸೆಂಬರ್ 21ರಿಂದ 27ರವರೆಗೆ ಅಲ್ಲಿ ಆಳ್ವಾಸ್ ಆವರಣದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಐವತ್ತು ಸಾವಿರದ ಆಸುಪಾಸು ಮಕ್ಕಳ ಸಮಾವೇಶ. ದೇಶದ ಮೂಲೆಮೂಲೆಯವರು, ಹೊರದೇಶದವರೂ ಬಂದಿದ್ದರು. ಅಷ್ಟು ಜನರ ಅಡುಗೆಗೆ ನಮ್ಮ ಜಿಲ್ಲೆಯವರು ಮಾಡಿದ್ದು ಗೊತ್ತಲ್ಲ? ಹೊರೆಕಾಣಿಕೆ! ದೇವಸ್ಥಾನದ ಬ್ರಹ್ಮಕಲಶಕ್ಕೆ ಕಳಿಸುವ ಹಾಗೆಯೇ ತೆಂಗಿನಕಾಯಿ, ಅಕ್ಕಿ, ತರಕಾರಿ. ಅಂತಾರಾಷ್ಟ್ರೀಯ ಕಾರ್ಯಕ್ರಮಕ್ಕೆ ಊರಿನ ಹಳೇ ಪದ್ಧತಿಯೇ ಆಧಾರವಾದದ್ದನ್ನು ನಾವು ಬೇರೆ ಎಲ್ಲೂ ಕಂಡಿಲ್ಲ.

ಸ್ಕೌಟಿಂಗ್ ಅಂದರೆ ಸ್ಕಾರ್ಫು, ಸೀಟಿ ಅಂತ ನಗುವವರಿದ್ದಾರೆ. ಹಾಗಿದ್ದವರಲ್ಲಿ ನಾವೂ ಇದ್ದೆವು. ಆದರೆ ಲೆಕ್ಕ ಹಾಕಿ ನೋಡಿ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಒಂದು ಸಣ್ಣ ಶಿಬಿರದಿಂದ ಹುಟ್ಟಿ, 1920ರಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಜಾಂಬೂರಿ ಕಂಡು, ಇವತ್ತು ಬಂಟ್ವಾಳ ತಾಲೂಕಿನ ಸರ್ಕಾರಿ ಶಾಲೆಯ ಮಗುವಿನ ಕೈಗೂ ಸಿಗುವ ಜಾಗತಿಕ ಶಾಲಾ ಕಾರ್ಯಕ್ರಮ ಬೇರೆ ಯಾವುದಿದೆ? ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಡೇರೆ ಹೊಡೆಯುವುದು, ಅಪರಿಚಿತರ ಜೊತೆ ಒಂದೇ ಒಲೆಯಲ್ಲಿ ಅಡುಗೆ. ನಮ್ಮ ಜೊತೆಗಿರುವ ಒಬ್ಬಳು ಗೈಡ್ ಆಗಿ ಆ ಶಿಬಿರದಲ್ಲಿದ್ದವಳು. ಏನು ಕಲಿತೆ ಅಂತ ಕೇಳಿದರೆ ಅವಳು ಹೇಳಿದ್ದು: “ಈಶಾನ್ಯದ ಹುಡುಗಿಯರಿಗೆ ನೀರುದೋಸೆ ಅಂದ್ರೆ ಎಂತ ಅಂತ ಹೇಳ್ಲಿಕ್ಕೆ ಹೋಗಿ, ನಮ್ಮ ಅಮ್ಮ ಅದನ್ನು ಹೇಗೆ ಮಾಡ್ತಾರೆ ಅಂತ ನನಗೇ ಗೊತ್ತಿಲ್ಲ ಅಂತ ಗೊತ್ತಾಯ್ತು ಮಾರಾಯ.”

ಹೊರಗಿನವರಿಗೆ ವಿವರಿಸಲು ಹೋದಾಗ ನಮ್ಮದೇ ಊರು ನಮಗೆ ಪ್ರಶ್ನೆಯಾಗುತ್ತದೆ. ಶಿವರಾಮ ಕಾರಂತರು ಇದನ್ನು ತೊಂಬತ್ತು ವರ್ಷದ ಹಿಂದೆಯೇ ಮಾಡಿದ್ದರು. ಪುತ್ತೂರಿನಲ್ಲಿದ್ದುಕೊಂಡು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಬರೆದು, ಇಡೀ ಜಗತ್ತನ್ನು ಕನ್ನಡದಲ್ಲಿ ಮನೆಗೆ ತಂದರು. ಅವರಿಗೆ ಯಾವ ಬೋರ್ಡೂ ಬೇಕಾಗಿರಲಿಲ್ಲ.

ಈಗ ಪುನಃ ಅಜ್ಜಿಯ ಬಾವಿಗೆ ಬರೋಣ. ವಾಮದಪದವು ಹೆಸರಿನಲ್ಲೇ ಇದೆ ‘ಪದವು’, ಅಂದರೆ ಗುಡ್ಡದ ಮೇಲಿನ ಸಮತಟ್ಟು ಜಾಗ. ಕೆಳಗೆ ಮುರಕಲ್ಲು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್. ಲಂಡನ್ನಿನಲ್ಲಿ ಸುಮಾರು 600. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್. 200 ಚದರ ಮೀಟರ್ ಮಾಡು ಇರುವ ಶಾಲೆಯ ಮೇಲೆ, 3800 ಮಿ.ಮೀ. ಲೆಕ್ಕದಲ್ಲಿ, ವರ್ಷಕ್ಕೆ 7 ಲಕ್ಷ 60 ಸಾವಿರ ಲೀಟರ್ ಬೀಳುತ್ತದೆ. ಲಂಡನ್ನಿನ ಅಷ್ಟೇ ದೊಡ್ಡ ಮಾಡಿಗೆ 1 ಲಕ್ಷ 20 ಸಾವಿರ. ಆದರೂ ಏಪ್ರಿಲಿನಲ್ಲಿ ಟ್ಯಾಂಕರಿಗೆ ಕಾಯುವವರು ನಾವು.

ಯಾಕೆ? ಈ ಪ್ರಶ್ನೆಯನ್ನು ಆರನೇ ಕ್ಲಾಸಿನ ಮಗುವಿನ ಮುಂದೆ ಇಟ್ಟರೆ ಒಂದು ವರ್ಷದ ಪಾಠ ತಾನಾಗಿ ಆಗುತ್ತದೆ. ನಮ್ಮ ಮಳೆಯ ಹೆಚ್ಚು ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಭೂಮಿ ಇಳಿಜಾರು. ಮುರಕಲ್ಲು ತೂತುತೂತು, ನೀರನ್ನು ಬೇಗ ಕುಡಿದು ಬೇಗ ಬಿಡುತ್ತದೆ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯಗಳಿದ್ದವು. ಪದವಿನ ಮೇಲಿನ ನೀರು ನಿಲ್ಲುವ ಮದಕ. ಮಳೆಗಾಲ ಮುಗಿದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಹಾಕುವ ಕಟ್ಟ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುವ ಸುರಂಗ, ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಬಂಟ್ವಾಳ ತಾಲೂಕಿನವರೇ ಆದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು, ಒಂದರ ಹಿಂದೊಂದು ಸುರಂಗ ಒಣಗಿಯೇ ಸಿಕ್ಕರೂ ಬಿಡದೆ, ಬೋಳುಗುಡ್ಡೆಯಲ್ಲಿ ನೀರು ತೆಗೆದು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹೈಡ್ರಾಲಿಕ್ಸ್ ಪುಸ್ತಕದಲ್ಲಿ ಅವರ ಹೆಸರಿಲ್ಲ, ಬಿಡಿ.

ಇಲ್ಲಿ ಜಗತ್ತು ಉಪಯೋಗಕ್ಕೆ ಬರುತ್ತದೆ. ಇರಾನಿನಲ್ಲಿ ಸುರಂಗದ ದೊಡ್ಡ ಅಣ್ಣನ ಹಾಗಿರುವ ‘ಕನಾತ್’ ಇದೆ. ಮೈಲಿಗಟ್ಟಲೆ ನೆಲದಡಿಯ ಕಾಲುವೆ, ನಡುನಡುವೆ ಮೇಲಿನಿಂದ ಇಳಿಯುವ ಬಾವಿಗಳು. ಒಮಾನಿನಲ್ಲಿ ‘ಫಲಜ್’. ಎರಡನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಒಮಾನಿನದ್ದನ್ನು 2006ರಲ್ಲಿ, ಇರಾನಿನದ್ದನ್ನು 2016ರಲ್ಲಿ. ಇಲ್ಲಿನ ಎಷ್ಟೋ ಮನೆಯವರು ಗಲ್ಫಿನಲ್ಲಿ ದುಡಿಯುತ್ತಿದ್ದಾರೆ. ಒಮಾನಿನಲ್ಲಿರುವ ಮಾವನಿಗೆ ವಾಟ್ಸಾಪ್ ಕಾಲ್ ಮಾಡಿ, “ಅಲ್ಲಿ ಫಲಜ್ ಉಂಟಾ ಮಾವ, ಒಂದು ವಿಡಿಯೊ ಕಳಿಸಿ” ಅಂತ ಕೇಳುವ ಮಗು ಅಂತಾರಾಷ್ಟ್ರೀಯ ಶಿಕ್ಷಣ ಪಡೆಯುತ್ತಿದೆ ಅಂತಲೇ ನಮ್ಮ ಲೆಕ್ಕ. ಆಮೇಲೆ ಆ ಮಗು ತನ್ನ ಗುಡ್ಡೆಯ ಸುರಂಗವನ್ನು ‘ಹಳೇ ಕಾಲದ ಗುಂಡಿ’ ಅಂತ ನೋಡಲಾರದು. ಊರಿಗೆ ಲಾಭ ಅಂದರೆ ಅದು: ಮುಚ್ಚಿಹೋಗುವ ಮದಕವೊಂದನ್ನು ಹೂಳೆತ್ತಬೇಕು ಅಂತ ಪಂಚಾಯತಿನ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು, ಅಂಕಿ ಹಿಡಿದು ಕೇಳುವ ಒಬ್ಬ ಹುಡುಗಿ.

ಭಾಷೆಯ ವಿಷಯ ಬೇಗ ಹೇಳಿಬಿಡುತ್ತೇವೆ. ಐಬಿಯವರು ಎರಡು ಭಾಷೆ ಕಡ್ಡಾಯ ಅಂತ ಹೆಮ್ಮೆ ಪಡುತ್ತಾರೆ. ವಾಮದಪದವಿನ ಎಂಟು ವರ್ಷದ ಮಗು ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ ಅಂತ ಆಗಲೇ ನಾಲ್ಕರ ನಡುವೆ ಓಡಾಡುತ್ತಿರುತ್ತದೆ. ಅದನ್ನು ಸಾಮರ್ಥ್ಯ ಅಂತ ಯಾರೂ ಅವನಿಗೆ ಹೇಳುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ ಅಂತ ಮಾತ್ರ ಹೇಳುತ್ತಾರೆ. ಫಸ್ಟ್ ಇಯರಿನಲ್ಲಿ ಕನ್ನಡ ಮೀಡಿಯಮ್ಮಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಈ ಮಾತು ವಿವರಿಸಬೇಕಾಗಿಲ್ಲ.

ಇದರಲ್ಲಿ ಅಪಾಯ ಇಲ್ಲ ಅಂತ ಹೇಳುವುದಿಲ್ಲ. ಜಗತ್ತಿಗೆ ಕಿಟಕಿ ತೆರೆದರೆ ಅದರಿಂದಲೇ ಹಾರಿ ಹೋಗುವವರು ಜಾಸ್ತಿ. ನಾವೂ ಬಹುಶಃ ಅವರಲ್ಲೇ ಸೇರುತ್ತೇವೆ, ಜಿಆರ್‌ಇ ಪುಸ್ತಕ ಹಾಸ್ಟೆಲ್ಲಿನ ಪ್ರತಿ ಎರಡನೇ ರೂಮಿನಲ್ಲಿದೆ. ಇನ್ನೊಂದು, ‘ಸೇವೆ’ ಎಂಬ ಹೆಸರಿನಲ್ಲಿ ದೊಡ್ಡ ಶಾಲೆಯ ಮಕ್ಕಳು ಹಳ್ಳಿಗೆ ಬಂದು ಬಿಸ್ಕತ್ತು ಹಂಚಿ ಫೋಟೋ ತೆಗೆದು ಹೋಗುವುದು. ಅಂಥದ್ದರಲ್ಲಿ ಹಳ್ಳಿಯವರು ಬರೀ ಬ್ಯಾಕ್‌ಗ್ರೌಂಡ್. ಅಟ್ಲಾಂಟಿಕ್ ಕಾಲೇಜಿನ ಹುಡುಗರು ದಡದವರಿಗೆ ಉಪಕಾರ ಮಾಡ್ತೇವೆ ಅಂತ ಸುಮ್ಮನೆ ಬಂದು ಹೋಗಲಿಲ್ಲ, ಕರೆ ಬಂದಾಗ ಚಳಿಯಲ್ಲಿ ಬೋಟು ಇಳಿಸಲೇಬೇಕಿತ್ತು.

ಹಾಗಾದರೆ ದುಡ್ಡಿಲ್ಲದ ಶಾಲೆ ಏನು ಮಾಡಬಹುದು? 1995ರಿಂದ ‘ಗ್ಲೋಬ್’ ಎಂಬ ಕಾರ್ಯಕ್ರಮ ನಡೆಯುತ್ತಿದೆ. ನೂರಕ್ಕೂ ಹೆಚ್ಚು ದೇಶಗಳ ಶಾಲಾ ಮಕ್ಕಳು ತಮ್ಮ ಅಂಗಳದ ಮಳೆ, ಉಷ್ಣತೆ, ಮೋಡ ಅಳೆದು ಒಂದೇ ದತ್ತಾಂಶಕ್ಕೆ ಸೇರಿಸುತ್ತಾರೆ. ನಮ್ಮ ದೇಶದಲ್ಲೇ ‘ಸೀಸನ್‌ವಾಚ್’ ಇದೆ. ಶಾಲೆಯ ಪಕ್ಕದ ಹಲಸಿನ ಮರವನ್ನೋ ಹೊಂಗೆ ಮರವನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ಬರೆಯುವುದು. ಖರ್ಚು ಒಂದು ನೋಟ್‌ಬುಕ್ಕು.

ಇದನ್ನು ಓದಿದ ಮೇಲೆ ನಾವು ಒಂದು ಸಣ್ಣ ಕೆಲಸ ಕೈಗೆತ್ತಿಕೊಂಡಿದ್ದೇವೆ. ವಾಮದಪದವು ಕಡೆಯ ಒಂದು ಸರ್ಕಾರಿ ಶಾಲೆಯ ಮೇಷ್ಟ್ರ ಹತ್ತಿರ ಹೋಗಿ ಈ ಸಲ ಮೊದಲು ಕೇಳಿದೆವು, “ಸರ್, ನಿಮಗೆ ಎಂತ ಬೇಕು?” ಅವರು ಕಂಪ್ಯೂಟರ್ ಕೇಳ್ತಾರೆ ಅಂತ ಅಂದುಕೊಂಡಿದ್ದೆವು. ಅವರು ಹೇಳಿದ್ದು: “ಬಾವಿ ಮಾರ್ಚಲ್ಲಿ ಬತ್ತುತ್ತದೆ. ಬಿಸಿಯೂಟದ ಅಡುಗೆಯವರಿಗೆ ಕಷ್ಟ. ಮಾಡಿನ ನೀರು ಬಾವಿಗೆ ಬಿಡಬಹುದಾ ಅಂತ ನೋಡಿ ಹೇಳಿ.”

ಅದಕ್ಕೆ ಮೊದಲು ಅಂಕಿ ಬೇಕು. ಜೂನ್ ಒಂದರಿಂದ ಆ ಶಾಲೆಯ ಮಕ್ಕಳೇ ದಿನಾ ಬೆಳಗ್ಗೆ ಮಳೆ ಅಳೆಯುತ್ತಾರೆ, ವಾರಕ್ಕೊಮ್ಮೆ ಹಗ್ಗ ಇಳಿಸಿ ಬಾವಿಯ ನೀರಿನ ಮಟ್ಟ ಬರೆಯುತ್ತಾರೆ. ಗೋಡೆಯ ಮೇಲೆ ಗ್ರಾಫ್ ಅವರದ್ದೇ. ಮಳೆಮಾಪಕ ಮಾಡುವುದು ನಮ್ಮ ಕೆಲಸ. ಹೊರದೇಶದ ಮಾದರಿಯಲ್ಲಿ ಒಳಗಿನ ಸಣ್ಣ ನಳಿಗೆ 25 ಮಿ.ಮೀ.ಗೆ ತುಂಬಿ, ಉಳಿದದ್ದು ಹೊರಗಿನ ದೊಡ್ಡ ನಳಿಗೆಗೆ ಬೀಳುತ್ತದೆ. ನಮ್ಮ ಜುಲೈ ತಿಂಗಳಿನಲ್ಲಿ ಅದು ಒಂದೇ ರಾತ್ರಿಯಲ್ಲಿ ಐದಾರು ಸಲ ತುಂಬಬಹುದು, ಪ್ರತಿ ಸಲವೂ ಸುರಿದು ಲೆಕ್ಕ ಇಡುವಾಗ ಮಕ್ಕಳು ತಪ್ಪುತ್ತಾರೆ. ಆದ್ದರಿಂದ ಒಳನಳಿಗೆಯನ್ನು ದೊಡ್ಡದು ಮಾಡಿ, ಆದರೂ ಒಂದು ಮಿಲಿಮೀಟರ್ ಸರಿಯಾಗಿ ಓದುವ ಹಾಗೆ ಇರಿಸಬೇಕು. ಮೆಕ್ಯಾನಿಕಲ್‌ನವರು ಒಂದು ಮಾದರಿ ಮಾಡಿದ್ದಾರೆ, ಈಗ ಅದು ಸೋರುತ್ತಿದೆ. ಸಿವಿಲ್‌ನವರು ಮಾಡಿನ ಅಳತೆ ತೆಗೆಯಲು ಈ ಶನಿವಾರ ಹೋಗುತ್ತಿದ್ದಾರೆ. ಬರುವವರು ಸಂಘದ ಗ್ರೂಪಿನಲ್ಲಿ ಹೆಸರು ಹಾಕಿ. ತುಳು ಬರುವವರು ಇಬ್ಬರಾದರೂ ಬೇಕು, ಬೈಕ್ ಇದ್ದವರು ಸಿಕ್ಕಿದರೆ ಇನ್ನೂ ಒಳ್ಳೆಯದು.